ಆಟದ ಊರಿನಲ್ಲಿ ದೂರು ಕೇಳುವವರು ಯಾರು?

1993ರ ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ ದೊಡ್ಡದೊಂದು ಮನೆಯ ಪಡಸಾಲೆಯಲ್ಲಿ ಕೆಲವರು ಹರಟುತ್ತ ಕುಳಿತಿದ್ದರು. ಆ ಮನೆಗೆ ಇಟ್ಟಿಗೆಯಿರಲಿಲ್ಲ, ಸುಣ್ಣವಿರಲಿಲ್ಲ. ಅದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಝೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದ ಕಂಪ್ಯೂಟರೊಂದರೊಳಗೆ ಬರೀ ಅಕ್ಷರಗಳಿಂದ ಕಟ್ಟಿದ ಮನೆ. ಹೆಸರು ಲ್ಯಾಂಬ್ಡಾಮೂ. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಇಂಟರ್‌ನೆಟ್ ಮೂಲಕ ಅದರೊಳಗೆ ಬರುತ್ತಿದ್ದರು, ತಮಗೊಂದು ಹೆಸರಿಟ್ಟುಕೊಳ್ಳುತ್ತಿದ್ದರು, ಕೋಣೆ ಕಟ್ಟಿಕೊಳ್ಳುತ್ತಿದ್ದರು, ಸ್ನೇಹ ಬೆಳೆಸುತ್ತಿದ್ದರು. ಚಿತ್ರವಿಲ್ಲ, ಧ್ವನಿಯಿಲ್ಲ. ಪರದೆಯ ಮೇಲೆ ಮೂಡುವ ಸಾಲುಗಳಷ್ಟೇ.

ಆ ರಾತ್ರಿ ಮಿಸ್ಟರ್ ಬಂಗಲ್ ಎಂಬ ಹೆಸರಿನವನೊಬ್ಬ ಪಡಸಾಲೆಗೆ ಬಂದ. ಕುತಂತ್ರದ ಪ್ರೋಗ್ರಾಮೊಂದನ್ನು ಬಳಸಿ, ಅಲ್ಲಿದ್ದ ಹೆಣ್ಣುಮಕ್ಕಳ ಹೆಸರಿನಲ್ಲಿ, ಅವರೇ ಮಾಡುತ್ತಿದ್ದಾರೋ ಎಂಬಂತೆ, ಅಶ್ಲೀಲವೂ ಕ್ರೂರವೂ ಆದ ಸಾಲುಗಳನ್ನು ಎಲ್ಲರ ಕಣ್ಣೆದುರು ಬರೆಯುತ್ತ ಹೋದ. ತಡೆಯಲು ಯಾರಿಗೂ ಆಗಲಿಲ್ಲ. ಕೊನೆಗೆ ಹಳೆಯ ಸದಸ್ಯನೊಬ್ಬ ಬಂದು ತನಗಿದ್ದ ವಿಶೇಷ ಶಕ್ತಿಯಿಂದ ಅವನನ್ನು ಪಂಜರದೊಳಗೆ ಹಾಕಿದ ಮೇಲಷ್ಟೇ ಅದು ನಿಂತಿತು. ಮರುದಿನ ಲೆಗ್ಬಾ ಎಂಬ ಹೆಸರಿನ ಸದಸ್ಯೆ ಸಾರ್ವಜನಿಕ ಫಲಕದಲ್ಲಿ ತನ್ನ ದೂರನ್ನು ಬರೆದಳು. ಬರೆಯುವಾಗ ತನ್ನ ಕಣ್ಣಲ್ಲಿ ನಿಜವಾದ ನೀರು ಹರಿಯುತ್ತಿತ್ತೆಂದು ಆಕೆ ಆಮೇಲೆ ಪತ್ರಕರ್ತ ಜೂಲಿಯನ್ ಡಿಬೆಲ್‌ಗೆ ಹೇಳಿದಳು.

ದೂರು ಸ್ಪಷ್ಟವಾಗಿತ್ತು. ಸಾಕ್ಷಿಗಳೂ ಇದ್ದರು. ಆದರೆ ಆ ದೂರನ್ನು ಕೇಳಬೇಕಾದವರು ಯಾರು? ಅಲ್ಲಿ ಪೊಲೀಸರಿಲ್ಲ, ಕೋರ್ಟಿಲ್ಲ, ಜಮಾಅತ್ತಿಲ್ಲ, ಊರ ಪಟೇಲನಿಲ್ಲ. 'ಬರೀ ಅಕ್ಷರಗಳಲ್ಲವೇ, ಯಾರ ಮೈಗೂ ಗಾಯವಾಗಿಲ್ಲವಲ್ಲ' ಎಂದು ಹೇಳುವವರೂ ಇದ್ದರು.

ಇಂದು ಕೋಟ್ಯಂತರ ಜನ ಆನ್‌ಲೈನ್ ಆಟಗಳಲ್ಲಿ ದಿನದ ಕೆಲವು ಗಂಟೆಗಳನ್ನು ಕಳೆಯುತ್ತಾರೆ. ಅವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಈ ಆಟಗಳೆಲ್ಲ ಒಂದೊಂದು ಊರು. ಊರೆಂದ ಮೇಲೆ ಕಟ್ಟಳೆಯಿದೆ, ಕಟ್ಟಳೆ ಮುರಿಯುವವರಿದ್ದಾರೆ, ದೂರು ಹೊತ್ತು ಬರುವವರಿದ್ದಾರೆ. ಆ ದೂರುಗಳನ್ನು ಆಟದ ಊರುಗಳು ಹೇಗೆ ನಿಭಾಯಿಸಿದವು ಎಂಬುದಕ್ಕೆ ಈಗ ಸುಮಾರು ಐದು ದಶಕಗಳ ಇತಿಹಾಸವಿದೆ. ಮನುಷ್ಯರು ಹೊಸದಾಗಿ ಒಂದೆಡೆ ಸೇರಿದಾಗ ನ್ಯಾಯವನ್ನು ಮೊದಲಿನಿಂದ ಹೇಗೆ ಕಲಿಯಬೇಕಾಗುತ್ತದೆ ಎಂಬುದು ಈ ಇತಿಹಾಸದಲ್ಲಿ ಕಾಣುತ್ತದೆ.

ಗೆದ್ದವನೇ ನ್ಯಾಯಾಧೀಶ

ಈ ಕಥೆ ಇಂಗ್ಲೆಂಡಿನಲ್ಲಿ ಶುರುವಾಗುತ್ತದೆ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಹಲವರು ಒಟ್ಟಿಗೆ ಸೇರಿ ಆಡಬಹುದಾದ, ಅಕ್ಷರಗಳದ್ದೇ ಆದ ಆಟವೊಂದನ್ನು ಬರೆದರು. ಅದರ ಹೆಸರು ಮಡ್. ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ನಿಧಿ ಹುಡುಕುತ್ತ, ಅಂಕ ಗಳಿಸುತ್ತ ಸಾಗಿದವರು ಕೊನೆಯ ಮೆಟ್ಟಿಲಲ್ಲಿ 'ಮಾಂತ್ರಿಕ'ರಾಗುತ್ತಿದ್ದರು. ಮಾಂತ್ರಿಕನಾದವನಿಗೆ ಆಟದ ಲೋಕವನ್ನೇ ಬದಲಿಸುವ ಶಕ್ತಿ ಸಿಗುತ್ತಿತ್ತು. ತುಂಟಾಟ ಮಾಡುವವನನ್ನು ಎಚ್ಚರಿಸಬಹುದಿತ್ತು, ಹೊರಗೆ ಹಾಕಬಹುದಿತ್ತು, ಬೆರಳು ತೋರಿಸಿ ಅವನ ಪಾತ್ರವನ್ನೇ ಕೊಲ್ಲಬಹುದಿತ್ತು.

ಆಟದಲ್ಲಿ ಗೆದ್ದವನೇ ಇಲ್ಲಿ ನ್ಯಾಯಾಧೀಶನೂ ಆದದ್ದನ್ನು ಗಮನಿಸಬೇಕು. ಗೆಲ್ಲುವುದಕ್ಕೆ ಬೇಕಾದ ಚಾಣಾಕ್ಷತನ ಬೇರೆ, ನ್ಯಾಯ ಹೇಳುವುದಕ್ಕೆ ಬೇಕಾದ ಗುಣ ಬೇರೆ. ಮನುಷ್ಯರ ಇತಿಹಾಸದಲ್ಲೂ ಯುದ್ಧ ಗೆದ್ದವರೇ ಸಿಂಹಾಸನದಲ್ಲಿ ಕುಳಿತು ತೀರ್ಪು ಕೊಟ್ಟಿದ್ದಾರೆ. ಆಟದ ಊರೂ ಅಲ್ಲಿಂದಲೇ ಹೊರಟಿತು. ಕೆಲವೇ ಜನ, ಹೆಚ್ಚಿನವರಿಗೆ ಪರಸ್ಪರ ಪರಿಚಯ. ಹಾಗಾಗಿ ಅಷ್ಟು ದಿನ ಅದು ನಡೆಯಿತು.

1986ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಕಂಪೆನಿ 'ಹ್ಯಾಬಿಟ್ಯಾಟ್' ಎಂಬ ಆಟವನ್ನು ಪರೀಕ್ಷೆಗೆ ಬಿಟ್ಟಿತು. ಇದು ಚಿತ್ರಗಳಿದ್ದ ಊರು. ಮನೆ, ಬೀದಿ, ಅಂಗಡಿ, ಹಣ ಎಲ್ಲವೂ ಇದ್ದವು. ಕಟ್ಟಿದವರಾದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಅದರಲ್ಲಿ ಆಯುಧಗಳನ್ನೂ ಇಟ್ಟಿದ್ದರು. ಸ್ವಲ್ಪ ದಿನಗಳಲ್ಲೇ ಕಳ್ಳತನ, ಕೊಲೆ ಶುರುವಾದವು. ಸತ್ತವನು ಮತ್ತೆ ತನ್ನ ಮನೆಯಲ್ಲಿ ಎದ್ದು ಬರುತ್ತಿದ್ದ, ಆದರೆ ಕೈಯಲ್ಲಿದ್ದ ವಸ್ತುಗಳು ಹೋಗಿರುತ್ತಿದ್ದವು. ಇದು ಆಟವೋ ಅಪರಾಧವೋ? ಊರಿನಲ್ಲಿ ಚರ್ಚೆಯಾಯಿತು. ಕೊಲೆಯನ್ನು ಅಪರಾಧ ಎನ್ನಬೇಕೇ ಎಂದು ಜನರನ್ನು ಕೇಳಿದಾಗ ಅಭಿಪ್ರಾಯ ಸರಿಯಾಗಿ ಅರ್ಧಕ್ಕರ್ಧ ಒಡೆಯಿತು.

ಕಂಪೆನಿ ಮಧ್ಯದ ದಾರಿ ಹಿಡಿಯಿತು. ಊರಿನ ಗಡಿಯೊಳಗೆ ಕೊಲೆ, ಕಳವು ಸಾಧ್ಯವಾಗದಂತೆ ಮಾಡಿತು. ಹೊರಗಿನ ಕಾಡಿನಲ್ಲಿ ಅವು ಮುಂದುವರಿದವು. ನಿವಾಸಿಗಳು ಮತ ಹಾಕಿ ತಮಗೊಬ್ಬ ಕೊತ್ವಾಲನನ್ನು ಆರಿಸಿಕೊಂಡರು. ನಿಜಜೀವನದಲ್ಲಿ ಕ್ರೈಸ್ತ ಪಾದ್ರಿಯಾಗಿದ್ದ ಸದಸ್ಯರೊಬ್ಬರು ಅಲ್ಲೊಂದು ಚರ್ಚ್ ಸ್ಥಾಪಿಸಿ, ತಮ್ಮ ಅನುಯಾಯಿಗಳು ಆಯುಧ ಹಿಡಿಯಬಾರದು, ಕದಿಯಬಾರದು, ಹಿಂಸೆಯಲ್ಲಿ ತೊಡಗಬಾರದು ಎಂಬ ನಿಯಮ ಮಾಡಿದರು. ಯಾರೂ ಹೇಳಿಕೊಡದೆಯೇ ಆಡಳಿತ, ಪೊಲೀಸು, ಧರ್ಮ ಈ ಮೂರೂ ಆಟದೊಳಗೆ ಹುಟ್ಟಿಕೊಂಡದ್ದು ವಿಶೇಷ. ತಾವು ಊರನ್ನು ಯೋಜಿಸುತ್ತೇವೆ ಎಂದುಕೊಂಡಿದ್ದ ಎಂಜಿನಿಯರುಗಳು ಕೊನೆಗೆ ಜನರ ಹಿಂದೆ ನಡೆಯಬೇಕಾಯಿತು.

ಮೂರು ದಿನಗಳ ಪಂಚಾಯತಿ

ಈಗ ಲ್ಯಾಂಬ್ಡಾಮೂಗೆ ಮರಳೋಣ. ಅದನ್ನು ಕಟ್ಟಿದವರು ಪ್ಯಾವೆಲ್ ಕರ್ಟಿಸ್. ಅಲ್ಲಿಯೂ ಮಾಂತ್ರಿಕರಿದ್ದರು. ಮೊದಲೆರಡು ವರ್ಷ ಎಲ್ಲ ಜಗಳಗಳನ್ನೂ ಅವರೇ ತೀರ್ಮಾನಿಸುತ್ತಿದ್ದರು. ಸದಸ್ಯರು ಹೆಚ್ಚಿದಂತೆ ಜಗಳಗಳೂ ಹೆಚ್ಚಿದವು. ಯಾರ ಪರ ತೀರ್ಪು ಕೊಟ್ಟರೂ ಇನ್ನೊಬ್ಬರ ದ್ವೇಷ. ಬೇಸತ್ತ ಕರ್ಟಿಸ್ 1992ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ಮಾಂತ್ರಿಕರು ಬರೀ ತಂತ್ರಜ್ಞರು, ಸಾಮಾಜಿಕ ವಿಷಯಗಳನ್ನು ಸದಸ್ಯರೇ ನೋಡಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಆದರೆ ಸದಸ್ಯರು ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಯಾವ ವ್ಯವಸ್ಥೆಯನ್ನೂ ಮಾಡಲಿಲ್ಲ. ಪಟೇಲ ಎದ್ದು ಹೋದ, ಪಂಚಾಯತಿ ಇನ್ನೂ ರಚನೆಯಾಗಿರಲಿಲ್ಲ. ಆ ನಡುವಿನ ಕಾಲದಲ್ಲೇ ಬಂಗಲ್‌ನ ಕೃತ್ಯ ನಡೆಯಿತು.

ಲೆಗ್ಬಾ ಕೇಳಿದ್ದು ಅಲ್ಲಿನ ಅತ್ಯಂತ ಕಠಿಣ ಶಿಕ್ಷೆಯನ್ನು. ಹಳೆಯ ಆಟಗಳಲ್ಲಿ ಮಾಂತ್ರಿಕರು ತಪ್ಪಿತಸ್ಥನನ್ನು ಕಪ್ಪೆಯಾಗಿಸುತ್ತಿದ್ದುದರಿಂದ ಆ ಶಿಕ್ಷೆಗೆ 'ಕಪ್ಪೆ ಮಾಡುವುದು' ಎಂದೇ ಹೆಸರು. ಇಲ್ಲಿ ಅದರ ಅರ್ಥ ಖಾತೆಯನ್ನು ಪೂರ್ತಿ ಅಳಿಸಿಹಾಕುವುದು. ಮೂರು ದಿನಗಳ ಬಳಿಕ ಒಂದು ಕೋಣೆಯಲ್ಲಿ ಸಭೆ ಸೇರಿತು. ಸುಮಾರು ಮೂವತ್ತು ಜನ ಬಂದಿದ್ದರು. ಇದು ಮರಣದಂಡನೆಗೆ ಸಮಾನ, ಅದನ್ನು ಕೊಡುವ ಅಧಿಕಾರ ನಮಗೆ ಯಾರು ಕೊಟ್ಟರು ಎಂದು ಕೆಲವರು ಕೇಳಿದರು. ಇಂಥವರನ್ನು ಬಿಟ್ಟರೆ ಹೆಣ್ಣುಮಕ್ಕಳು ಇಲ್ಲಿ ಕಾಲಿಡುವುದು ಹೇಗೆ ಎಂದು ಬೇರೆ ಕೆಲವರು ಕೇಳಿದರು. ಇಷ್ಟವಿಲ್ಲದಿದ್ದರೆ ಅವನ ಮಾತು ತಮಗೆ ಕಾಣದಂತೆ ಮಾಡಿಕೊಳ್ಳಬಹುದಿತ್ತಲ್ಲ ಎಂದವರೂ ಇದ್ದರು. ತನಗೆ ಕಾಣದಿದ್ದರೂ ಉಳಿದವರೆಲ್ಲ ನೋಡುತ್ತಿರುವಾಗ ಮಾನ ಉಳಿದೀತೇ ಎಂಬುದು ಅದಕ್ಕೆ ಬಂದ ಉತ್ತರ.

ಚರ್ಚೆಯ ನಡುವೆ ಬಂಗಲ್ ತಾನೇ ಬಂದು ನಿಂತ. ಏಕೆ ಹೀಗೆ ಮಾಡಿದೆ ಎಂದು ಕೇಳಿದರು. ಅದೊಂದು ಮನಸ್ಸಿನ ಪ್ರಯೋಗ, ತನ್ನ ನಿಜಜೀವನಕ್ಕೆ ಅದರಿಂದ ಯಾವ ಪರಿಣಾಮವೂ ಇಲ್ಲ ಎಂಬರ್ಥದ ಉತ್ತರ ಕೊಟ್ಟ. ಪಶ್ಚಾತ್ತಾಪದ ಒಂದು ಮಾತೂ ಬರಲಿಲ್ಲ. ರಾತ್ರಿ ಕಳೆಯಿತು, ಒಬ್ಬೊಬ್ಬರಾಗಿ ಎದ್ದು ಹೋದರು, ತೀರ್ಮಾನ ಮಾತ್ರ ಆಗಲಿಲ್ಲ. ಆ ಸಭೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿದ್ದ ಒಬ್ಬ ಮಾಂತ್ರಿಕ ಎಲ್ಲರೂ ಹೋದ ಮೇಲೆ ಒಬ್ಬನೇ ಯೋಚಿಸಿ, ಯಾರನ್ನೂ ಕೇಳದೆ, ಬಂಗಲ್‌ನ ಖಾತೆಯನ್ನು ಅಳಿಸಿದ.

ಶಿಕ್ಷೆಯೇನೋ ಆಯಿತು. ಅದು ನ್ಯಾಯವಾಯಿತೇ? ಕರ್ಟಿಸ್ ಊರಿಗೆ ಮರಳಿದಾಗ ನೋಡಿದ್ದು ಈ ಪ್ರಶ್ನೆಯನ್ನು. ಯಾರಾದರೂ ಅರ್ಜಿ ಹಾಕಬಹುದು, ಸಾಕಷ್ಟು ಬೆಂಬಲ ಸಿಕ್ಕರೆ ಮತದಾನ, ಮತದಾನದ ಫಲಿತಾಂಶಕ್ಕೆ ಮಾಂತ್ರಿಕರೂ ಬದ್ಧರು ಎಂಬ ವ್ಯವಸ್ಥೆಯನ್ನು ಅವರು ತಂದರು. ಮುಂದೆ ವ್ಯಾಜ್ಯಗಳನ್ನು ಬಗೆಹರಿಸಲು ಮಧ್ಯಸ್ಥರೂ ನೇಮಕವಾದರು. ಒಂದು ದೂರಿನಿಂದ ಒಂದು ಸಂವಿಧಾನವೇ ಹುಟ್ಟಿತು.

ಆದರೆ ಇತಿಹಾಸ ಅಲ್ಲಿಗೆ ಸುಖಾಂತವಾಗಲಿಲ್ಲ. ಅರ್ಜಿ, ಪ್ರತಿಅರ್ಜಿ, ವ್ಯಾಜ್ಯಗಳು ಬೆಳೆದವು. ಸಣ್ಣ ಸಿಟ್ಟಿಗೂ ದೂರು, ಹಳೆಯ ಸೇಡಿಗೂ ದೂರು. 1996ರಲ್ಲಿ ಮಾಂತ್ರಿಕರು ಮತ್ತೊಂದು ಪ್ರಕಟಣೆ ಹೊರಡಿಸಿ, ಸಾಮಾಜಿಕ ತೀರ್ಮಾನಗಳಿಂದ ದೂರ ಉಳಿಯುವುದು ತಮಗೆ ಸಾಧ್ಯವಾಗಿಲ್ಲವೆಂದು ಒಪ್ಪಿಕೊಂಡು ಅಧಿಕಾರವನ್ನು ಮರಳಿ ಕೈಗೆತ್ತಿಕೊಂಡರು. ಬಂಗಲ್ ಕೂಡ ಬೇರೆ ಹೆಸರು ಇಟ್ಟುಕೊಂಡು ಅದೇ ಮನೆಗೆ ಮರಳಿದ್ದ. ಹೊರಗೆ ಹಾಕಿದ ಮಾತ್ರಕ್ಕೆ ಸಮಸ್ಯೆ ಹೊರಗೆ ಹೋಗುವುದಿಲ್ಲ ಎಂಬುದನ್ನು ಆ ಊರು ಕಂಡುಕೊಂಡಿತು. ಡಿಬೆಲ್ ಈ ಘಟನೆಯನ್ನು 1993ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಬರೆದರು. ಆ ಲೇಖನವನ್ನು ಆ ಬಳಿಕ ಕಾನೂನು ಕಲಿಯುವವರೂ ಓದತೊಡಗಿದರು.

ದೊರೆಯ ಕೊಲೆ ಮತ್ತು ಕೆಂಪು ಹೆಸರು

1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಒರಿಜಿನ್ ಸಿಸ್ಟಮ್ಸ್ ಕಂಪೆನಿ 'ಅಲ್ಟಿಮಾ ಆನ್‌ಲೈನ್' ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ಚಂದಾ ಕೊಟ್ಟು ಆಡುವವರ ಸಂಖ್ಯೆ ಬೇಗನೆ ಲಕ್ಷ ದಾಟಿತು. ಇಷ್ಟು ಜನರಿಗೆ ಮುಖಪರಿಚಯದ ನ್ಯಾಯ ಸಾಲದು.

ಆಟ ಬಿಡುಗಡೆಯಾಗುವ ಮೊದಲೇ, ಆಗಸ್ಟ್ ತಿಂಗಳ ಪರೀಕ್ಷೆಯ ಕಾಲದಲ್ಲಿ, ಒಂದು ಪ್ರಸಿದ್ಧ ಘಟನೆ ನಡೆಯಿತು. ಆಟದ ನಿರ್ಮಾತೃ ರಿಚರ್ಡ್ ಗ್ಯಾರಿಯಟ್ 'ಲಾರ್ಡ್ ಬ್ರಿಟಿಷ್' ಎಂಬ ದೊರೆಯ ವೇಷದಲ್ಲಿ ಪ್ರಜೆಗಳೆದುರು ನಿಂತಿದ್ದಾಗ ರೈನ್ಸ್ ಎಂಬ ಹೆಸರಿನ ಆಟಗಾರ ಬೆಂಕಿಯ ಮಂತ್ರ ಹಾಕಿದ. ದೊರೆಗೆ ಸಾವಿಲ್ಲ ಎಂದೇ ಎಲ್ಲರೂ ನಂಬಿದ್ದರು. ದೊರೆ ಸತ್ತುಬಿದ್ದ. ಕೆಲವೇ ಸಮಯದಲ್ಲಿ ರೈನ್ಸ್‌ನನ್ನು ಪರೀಕ್ಷೆಯಿಂದ ಹೊರಹಾಕಲಾಯಿತು. ದೊರೆಯನ್ನು ಕೊಂದದ್ದಕ್ಕಲ್ಲ, ಆಟದ ದೋಷಗಳನ್ನು ವರದಿ ಮಾಡದೆ ದುರುಪಯೋಗ ಮಾಡಿದನೆಂಬ ಹಿಂದಿನ ದೂರುಗಳು ಈಗ ಬೆಳಕಿಗೆ ಬಂದದ್ದಕ್ಕೆ ಎಂದು ಕಂಪೆನಿ ವಿವರಿಸಿತು. ಆ ದೂರುಗಳು ನಿಜವೇ ಇರಬಹುದು. ಆದರೆ ಹಳೆಯ ಕಡತ ತೆರೆದದ್ದು ದೊರೆ ಸತ್ತ ಮೇಲೆ! ದೂರು ಯಾವಾಗ ಎಚ್ಚರಗೊಳ್ಳುತ್ತದೆ, ಯಾರಿಗೆ ನೋವಾದಾಗ ಎಚ್ಚರಗೊಳ್ಳುತ್ತದೆ ಎಂಬುದನ್ನು ನಮ್ಮ ಕಚೇರಿಗಳ ಮೆಟ್ಟಿಲು ಹತ್ತಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆಟ ಶುರುವಾದ ಮೇಲೆ ಹೊಸಬರನ್ನು ದಾರಿಯಲ್ಲಿ ಅಡ್ಡಗಟ್ಟಿ ಕೊಂದು ದೋಚುವವರ ಗುಂಪುಗಳು ಬೆಳೆದವು. ಅದಕ್ಕೆ ಕಂಪೆನಿ ತಂದ ಉಪಾಯ ಕುತೂಹಲಕರ. ಕೊಲೆಯಾದವನ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತಿತ್ತು: ಇವನ ಮೇಲೆ ಕೊಲೆಯ ದೂರು ಕೊಡುತ್ತೀಯಾ? ಹೌದು ಎಂದರೆ ಕೊಂದವನ ಲೆಕ್ಕಕ್ಕೆ ಒಂದು ಕೊಲೆ ಸೇರುತ್ತಿತ್ತು. ಐದು ಸೇರಿದರೆ ಅವನ ಹೆಸರು ಕೆಂಪಕ್ಷರಕ್ಕೆ ತಿರುಗುತ್ತಿತ್ತು. ಕೆಂಪು ಹೆಸರಿನವನು ಊರೊಳಗೆ ಬಂದರೆ ಕಾವಲುಗಾರರು ಕಂಡಲ್ಲಿ ಹೊಡೆಯುತ್ತಿದ್ದರು. ಅವನ ತಲೆಗೆ ಬಹುಮಾನ ಕಟ್ಟುವ ಅವಕಾಶವೂ ಇತ್ತು.

ದೂರು ಕೊಡುವ, ಕ್ಷಮಿಸುವ ಹಕ್ಕು ನೊಂದವನ ಕೈಯಲ್ಲೇ ಇದ್ದದ್ದು ಇದರ ಒಳ್ಳೆಯ ಅಂಶ. ಆದರೆ ಯಂತ್ರಕ್ಕೆ ಎಣಿಸುವುದಷ್ಟೇ ಗೊತ್ತು, ವಿಚಾರಿಸುವುದು ಗೊತ್ತಿಲ್ಲ. ಆಡಿದ ಗಂಟೆಗಳು ಕಳೆದಂತೆ ಕೊಲೆಗಳ ಎಣಿಕೆ ಕಡಿಮೆಯಾಗುತ್ತಿತ್ತು. ಕೊಲೆಗಾರರು ತಮ್ಮ ಪಾತ್ರವನ್ನು ಒಂದು ಮನೆಯೊಳಗೆ ಕೂರಿಸಿ, ಕಂಪ್ಯೂಟರ್ ಚಾಲೂ ಇಟ್ಟು ನಿದ್ದೆ ಮಾಡಿ ಪಾಪ ತೊಳೆದುಕೊಂಡರು. ಕೊನೆಗೆ 2000ದಲ್ಲಿ ಕಂಪೆನಿ ಲೋಕವನ್ನೇ ಎರಡು ಮಾಡಿತು. ಒಂದರಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಕೊಲ್ಲುವಂತಿಲ್ಲ, ಇನ್ನೊಂದರಲ್ಲಿ ಹಳೆಯ ಕಾಡಿನ ನ್ಯಾಯ. ಹೆಚ್ಚಿನವರು ಶಾಂತಿಯ ಲೋಕಕ್ಕೆ ವಲಸೆ ಹೋದರು. ಸ್ವಾತಂತ್ರ್ಯದ ಹೆಸರಿನಲ್ಲಿ ಬಲಿಷ್ಠರು ನಡೆಸುವ ಆಟದಲ್ಲಿ ಬಹುಸಂಖ್ಯೆಯ ಸಾಮಾನ್ಯರಿಗೆ ಯಾವ ಸುಖವೂ ಇರಲಿಲ್ಲ ಎಂಬುದಕ್ಕೆ ಈ ವಲಸೆಯೇ ಸಾಕ್ಷಿ.

ದೂರು ಒಡೆಯರ ಮೇಲೆಯೇ ಬಂದಾಗ

ಇಲ್ಲಿಯವರೆಗೆ ದೂರು ಆಟಗಾರರ ಮೇಲಿತ್ತು. ಊರಿನ ಒಡೆಯರೇ ನಿಯಮ ಮುರಿದರೆ? ಐಸ್‌ಲ್ಯಾಂಡಿನ ಸಿಸಿಪಿ ಕಂಪೆನಿ 2003ರಿಂದ ನಡೆಸುತ್ತಿರುವ 'ಈವ್ ಆನ್‌ಲೈನ್' ಆಟದಲ್ಲಿ ಈ ಪ್ರಶ್ನೆ ಬಂತು. ಅದು ಬಾಹ್ಯಾಕಾಶದ ವ್ಯಾಪಾರ ಮತ್ತು ಯುದ್ಧಗಳ ಲೋಕ. ಸಾವಿರಾರು ಜನರ ಒಕ್ಕೂಟಗಳು ವರ್ಷಗಟ್ಟಲೆ ದುಡಿದು ಸಾಮ್ರಾಜ್ಯ ಕಟ್ಟುತ್ತವೆ. 2007ರಲ್ಲಿ ಆಟಗಾರನೊಬ್ಬ ಗಂಭೀರವಾದ ಆರೋಪವನ್ನು ಬಹಿರಂಗಪಡಿಸಿದ. ಕಂಪೆನಿಯ ಉದ್ಯೋಗಿಯೊಬ್ಬ ತಾನೂ ಗುಟ್ಟಾಗಿ ಸದಸ್ಯನಾಗಿದ್ದ ಬಲಾಢ್ಯ ಒಕ್ಕೂಟಕ್ಕೆ ಅಪರೂಪದ ಹಡಗು ನಕ್ಷೆಗಳನ್ನು ಅಕ್ರಮವಾಗಿ ಒದಗಿಸಿದ್ದಾನೆ ಎಂಬುದು ಆರೋಪ. ಅದು ನಿಜವಾಗಿತ್ತು, ಕಂಪೆನಿಯೂ ಒಪ್ಪಿಕೊಂಡಿತು. ಆದರೆ ಬಯಲು ಮಾಡಿದವನನ್ನೂ ಬೇರೆ ನಿಯಮ ಮುರಿದ ಕಾರಣ ಕೊಟ್ಟು ಆಟದಿಂದ ಹೊರಹಾಕಲಾಯಿತು.

ಆಟಗಾರರ ಆಕ್ರೋಶ ತಣಿಯಲಿಲ್ಲ. ಕಂಪೆನಿ ಸಿಬ್ಬಂದಿಯ ನಡತೆಯನ್ನು ನೋಡಿಕೊಳ್ಳಲು ಒಳಗಿನ ತನಿಖಾ ವಿಭಾಗವೊಂದನ್ನು ರಚಿಸಿತು. 2008ರಲ್ಲಿ ಆಟಗಾರರಿಂದಲೇ ಚುನಾಯಿತವಾದ ಪ್ರತಿನಿಧಿ ಮಂಡಳಿ ಅಸ್ತಿತ್ವಕ್ಕೆ ಬಂತು. ಮಂಡಳಿಯ ಸದಸ್ಯರನ್ನು ರಾಜಧಾನಿ ರೇಕ್ಯಾವಿಕ್‌ಗೆ ಕರೆಸಿ ಕಂಪೆನಿಯವರು ಎದುರುಬದುರು ಕೂತು ಮಾತನಾಡುವ ಪದ್ಧತಿ ಬೆಳೆಯಿತು. ತೀರ್ಪು ಹೇಳುವವನ ಮೇಲೂ ದೂರು ಕೊಡುವ ಬಾಗಿಲು ತೆರೆದಿರಬೇಕು. ಇಲ್ಲದಿದ್ದರೆ ಉಳಿದವರ ಮೇಲೆ ಅವನು ಹೇಳುವ ತೀರ್ಪಿಗೆ ಬೆಲೆ ಬರುವುದಿಲ್ಲ.

ಲಕ್ಷಾಂತರ ಪಂಚರು

2010ರ ಹೊತ್ತಿಗೆ ಆಟಗಳ ಸ್ವರೂಪ ಬದಲಾಯಿತು. ಒಂದೇ ಊರಿನಲ್ಲಿ ವರ್ಷಗಟ್ಟಲೆ ಬಾಳುವ ಬದಲು, ಗುರುತಿಲ್ಲದ ಹತ್ತು ಜನ ಅರ್ಧ ಗಂಟೆ ಸೇರಿ ಆಡಿ ಚದುರುವ ಆಟಗಳು ಬಂದವು. ಮತ್ತೆ ಮುಖ ನೋಡುವ ಹಂಗಿಲ್ಲದಾಗ ನಾಲಿಗೆಗೆ ಕಡಿವಾಣವೂ ಇರುವುದಿಲ್ಲ. ಬೈಗುಳ, ಜನಾಂಗದ ನಿಂದನೆ, ಹೆಣ್ಣಿನ ಧ್ವನಿ ಕೇಳಿದೊಡನೆ ಕೀಳು ಮಾತು ಸಾಮಾನ್ಯವಾದವು. ಧರ್ಮ, ಬಣ್ಣ, ಲಿಂಗದ ಕಾರಣಕ್ಕೆ ಆಟಗಾರರು ಹಿಂಸೆ ಅನುಭವಿಸುವುದನ್ನು ಅಮೆರಿಕದಲ್ಲಿ ನಡೆದ ಸಮೀಕ್ಷೆಗಳು ದಾಖಲಿಸಿವೆ. ಮುಸ್ಲಿಮರೆಂಬ ಕಾರಣಕ್ಕೆ ನಿಂದನೆಗೊಳಗಾದವರೂ ಅದರಲ್ಲಿದ್ದಾರೆ.

ಐದೈದು ಜನರ ಎರಡು ತಂಡಗಳು ಆಡುವ 'ಲೀಗ್ ಆಫ್ ಲೆಜೆಂಡ್ಸ್' ಆಟದ ಕಂಪೆನಿ ರಾಯಟ್ ಗೇಮ್ಸ್ 2011ರ ಮೇ ತಿಂಗಳಲ್ಲಿ 'ಟ್ರಿಬ್ಯೂನಲ್' ಎಂಬ ವ್ಯವಸ್ಥೆಯನ್ನು ತಂದಿತು. ಒಬ್ಬ ಆಟಗಾರನ ಮೇಲೆ ಹಲವು ದೂರುಗಳು ಬಂದರೆ ಅವೆಲ್ಲ ಸೇರಿ ಒಂದು ಕಡತವಾಗುತ್ತಿತ್ತು. ಅದರಲ್ಲಿ ಅವನು ಆಡಿದ ಮಾತುಗಳ ದಾಖಲೆ, ಆಟದ ವಿವರ ಇರುತ್ತಿದ್ದವು. ಅನುಭವಿ ಆಟಗಾರರು ಅದನ್ನು ಓದಿ ಶಿಕ್ಷೆ ಅಥವಾ ಕ್ಷಮೆ ಎಂದು ಮತ ಹಾಕುತ್ತಿದ್ದರು. ಹೀಗೆ ಹತ್ತು ಕೋಟಿಗೂ ಹೆಚ್ಚು ಮತಗಳು ಬಿದ್ದವೆಂದು ಕಂಪೆನಿ ಹೇಳಿತು. ಇಷ್ಟು ದೊಡ್ಡ ಪಂಚಾಯತಿ ಲೋಕದಲ್ಲಿ ಬೇರೆಲ್ಲೂ ಸೇರಿರಲಾರದು.

ಜನಾಂಗ ದ್ವೇಷದ ಮಾತುಗಳನ್ನು ಸಾಮಾನ್ಯ ಆಟಗಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ ಎಂಬುದು ಈ ಮತಗಳಿಂದ ತಿಳಿಯಿತು. ಗದ್ದಲ ಮಾಡುವವರು ಕೆಲವರು, ಸುಮ್ಮನಿರುವವರು ಬಹಳ. ಆದರೆ ದೋಷಗಳೂ ಕಂಡವು. ಬಹುಮತದ ಜೊತೆ ಮತ ಹಾಕಿದವರಿಗೆ ಆರಂಭದಲ್ಲಿ ಆಟದೊಳಗಿನ ಸಣ್ಣ ಬಹುಮಾನವಿತ್ತು. ಬಹುಮಾನವಿದ್ದಲ್ಲಿ ಓದದೆಯೇ 'ಶಿಕ್ಷೆ' ಒತ್ತುವವರೂ ಇರುತ್ತಾರೆ, ಹಾಗಾಗಿ ಆಮೇಲೆ ಅದನ್ನು ತೆಗೆಯಲಾಯಿತು. ತೀರ್ಪು ಬರುವ ಹೊತ್ತಿಗೆ ತಪ್ಪು ಮಾಡಿದವನಿಗೆ ತಪ್ಪೇ ಮರೆತಿರುತ್ತಿತ್ತು. ಆರೋಪಿಗೆ ಮತದಾರರೆದುರು ತನ್ನ ಮಾತು ಹೇಳುವ ಅವಕಾಶವಿರಲಿಲ್ಲ. 2014ರಲ್ಲಿ ಟ್ರಿಬ್ಯೂನಲ್ ನಿಂತಿತು, ಅದರ ಜಾಗಕ್ಕೆ ಯಂತ್ರದ ತೀರ್ಮಾನಗಳು ಬಂದವು.

ಆ ಪ್ರಯೋಗದಿಂದ ಉಳಿದ ಒಂದು ಪಾಠ ಮುಖ್ಯವಾದದ್ದು. ಶಿಕ್ಷೆಯ ಜೊತೆಗೆ ಕಾರಣವನ್ನೂ, ಅವನದೇ ಮಾತುಗಳ ದಾಖಲೆಯನ್ನೂ ಕೊಟ್ಟಾಗ ತಿದ್ದಿಕೊಳ್ಳುವವರು ಹೆಚ್ಚುತ್ತಾರೆ, ಬರೀ ಬಾಗಿಲು ಮುಚ್ಚಿದರೆ ಸಿಟ್ಟಾಗಿ ಮರಳುತ್ತಾರೆ ಎಂದು ಕಂಪೆನಿ ವರದಿ ಮಾಡಿತು. ಇದು ಕಂಪೆನಿಯದೇ ಲೆಕ್ಕ ಎಂಬುದನ್ನು ನೆನಪಿಡಬೇಕು. ಆದರೂ ಬಂಗಲ್ ಬೇರೆ ಹೆಸರಿನಲ್ಲಿ ಮರಳಿದ ಪ್ರಸಂಗಕ್ಕೆ ಇದು ತಾಳೆಯಾಗುತ್ತದೆ. ಇದೇ ಆಟವನ್ನು ಅಧ್ಯಯನ ಮಾಡಿದ ಜೆರೆಮಿ ಬ್ಲ್ಯಾಕ್‌ಬರ್ನ್ ಮತ್ತು ಹೇವೂನ್ ಕ್ವಾಕ್ ಎಂಬ ಸಂಶೋಧಕರು ಇನ್ನೊಂದನ್ನು ಗಮನಿಸಿದರು. ಕಣ್ಣೆದುರೇ ಅನ್ಯಾಯ ನಡೆದರೂ ಬಹಳ ಜನ ದೂರು ಕೊಡುವುದಿಲ್ಲ, 'ದೂರು ಕೊಡಿ' ಎಂದು ಯಾರಾದರೂ ಕೇಳಿಕೊಂಡರೆ ಕೊಡುತ್ತಾರೆ. ಇದರಲ್ಲಿ ಭರವಸೆಯೂ ಇದೆ, ಅಪಾಯವೂ ಇದೆ. ಕೇಳಿಕೊಂಡವನು ನೊಂದವನೇ ಇರಬಹುದು, ಗುಂಪು ಕಟ್ಟಿ ಒಬ್ಬನನ್ನು ಕೆಡಹುವವನೂ ಇರಬಹುದು. ಆಗದವನ ಮೇಲೆ ಗುಂಪಾಗಿ ದೂರು ಹಾಕಿ ಖಾತೆ ಮುಚ್ಚಿಸುವುದು ಆಟಗಳಲ್ಲಿ ಸಾಮಾನ್ಯ ಪಿಡುಗು.

2013ರಲ್ಲಿ ವಾಲ್ವ್ ಕಂಪೆನಿ ತನ್ನ 'ಕೌಂಟರ್ ಸ್ಟ್ರೈಕ್' ಆಟಕ್ಕೆ ತಂದ ವ್ಯವಸ್ಥೆ ಇದಕ್ಕಿಂತ ಎಚ್ಚರಿಕೆಯದ್ದು. ಮೋಸದ ದೂರು ಬಂದ ಆಟದ ದೃಶ್ಯವನ್ನು ಅನುಭವಿಗಳಿಗೆ ತೋರಿಸಲಾಗುತ್ತಿತ್ತು, ಆದರೆ ಆರೋಪಿಯ ಹೆಸರನ್ನು ಮರೆಮಾಡಿ. ಸಂದೇಹಕ್ಕೆಡೆಯಿಲ್ಲದಂತೆ ಸಾಬೀತಾಗಿದೆ ಅಥವಾ ಪುರಾವೆ ಸಾಲದು, ಇವೆರಡರಲ್ಲಿ ಒಂದನ್ನು ಅವರು ಹೇಳಬೇಕಿತ್ತು. ಹೆಸರು ಕಾಣದಿದ್ದರೆ ಸ್ನೇಹವೂ ಕಾಣುವುದಿಲ್ಲ, ದ್ವೇಷವೂ ಕಾಣುವುದಿಲ್ಲ. ಹೆಸರು ನೋಡಿಯೇ ಅಪರಾಧಿಯೆಂದು ತೀರ್ಮಾನಿಸುವ ಕಾಲದಲ್ಲಿ ಬದುಕುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಗೋಡೆಗೆ ಕಿವಿ

ಈಗಿನದು ಯಂತ್ರಗಳ ಕಾಲ. 2023ರ ಜುಲೈಯಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ನಲ್ಲಿ ಆಟಗಾರನೇ ಹಿಂದಿನ ಒಂದು ನಿಮಿಷದ ಮಾತುಕತೆಯನ್ನು ಹಿಡಿದು ದೂರಿನ ಜೊತೆ ಕಳಿಸುವ ಸೌಲಭ್ಯ ತಂದಿತು. ಅದೇ ವರ್ಷ 'ಕಾಲ್ ಆಫ್ ಡ್ಯೂಟಿ' ಆಟಕ್ಕೆ ಇನ್ನೂ ಮುಂದಿನ ವ್ಯವಸ್ಥೆ ಬಂತು. ಅಲ್ಲಿ ಯಾರೂ ದೂರು ಕೊಡಬೇಕಾಗಿಯೇ ಇಲ್ಲ. ಆಡುವವರ ಮಾತನ್ನು ಕೃತಕ ಬುದ್ಧಿಮತ್ತೆ ಆಡುತ್ತಿರುವಾಗಲೇ ಆಲಿಸಿ, ತಪ್ಪೆಂದು ಕಂಡದ್ದನ್ನು ಕಂಪೆನಿಗೆ ತಿಳಿಸುತ್ತದೆ.

ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದರಲ್ಲಿ ನೊಂದವನು ಪುರಾವೆ ತರುತ್ತಾನೆ. ಎರಡನೆಯದರಲ್ಲಿ ಗೋಡೆಗೇ ಕಿವಿ ಹುಟ್ಟುತ್ತದೆ. ಖಲೀಫಾ ಹ. ಉಮರ್(ರ) ಅವರ ಬಗ್ಗೆ ಹೇಳಲಾಗುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ರಾತ್ರಿ ಗಸ್ತಿನಲ್ಲಿ ಒಂದು ಮನೆಯಿಂದ ಸದ್ದು ಕೇಳಿ ಅವರು ಗೋಡೆ ಹತ್ತಿ ಒಳಗಿಳಿದು, ಪಾಪಕೃತ್ಯದಲ್ಲಿದ್ದ ವ್ಯಕ್ತಿಯನ್ನು ಹಿಡಿದರು. ತಾನು ಒಂದು ತಪ್ಪು ಮಾಡಿದೆ, ತಾವು ಮೂರು ಮಾಡಿದಿರಿ ಎಂದು ಆ ವ್ಯಕ್ತಿ ಹೇಳಿದ. ಗೂಢಚರ್ಯೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆಯಿಂದ ಬಂದಿರಿ, ಅನುಮತಿ ಕೇಳದೆ ಒಳಗೆ ಬಂದಿರಿ ಎಂದ. ಖಲೀಫಾ ಅವನನ್ನು ಬಿಟ್ಟು ಹೊರನಡೆದರು. ತಪ್ಪನ್ನು ತಡೆಯಬೇಕೆಂಬ ಉತ್ಸಾಹಕ್ಕೂ ಒಂದು ಮೇರೆಯಿದೆ.

ಹಳೆಯ ಪಾಠ, ಹೊಸ ಊರು

ಮಾಂತ್ರಿಕ, ಮತದಾರ, ಯಂತ್ರ ಎಂದು ನ್ಯಾಯಾಧೀಶರು ಬದಲಾದರು. ಆದರೆ ಒಂದೊಂದು ಊರೂ ಎಡವಿದ್ದು ಅವೇ ಹಳೆಯ ಕಲ್ಲುಗಳ ಮೇಲೆ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ಒಂದು ಜನಸಮೂಹಕ್ಕೆ ಕೇಡುಮಾಡಬೇಡಿರೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಅದೇ ಅಧ್ಯಾಯ ಗುಮಾನಿಯನ್ನೂ ಗೂಢಚರ್ಯೆಯನ್ನೂ ನಿಷೇಧಿಸುತ್ತದೆ. ಹ. ಅಲಿ(ರ) ಅವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳಿಸುವಾಗ ಪ್ರವಾದಿ ಮುಹಮ್ಮದರು(ಸ), ಎರಡನೆಯವನ ಮಾತನ್ನೂ ಕೇಳದೆ ತೀರ್ಪು ಕೊಡಬಾರದೆಂದು ಹೇಳಿದ್ದರು. ಪುರಾವೆಯ ಹೊಣೆ ಆರೋಪ ಹೊರಿಸಿದವನದ್ದು ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಅಡಿಗಲ್ಲು. ಸುಳ್ಳು ಆರೋಪ ಹೊರಿಸುವುದೂ ಅಲ್ಲಿ ಅಪರಾಧ. ಇವು ಮುಸ್ಲಿಮರಿಗೆ ಮಾತ್ರ ಸೇರಿದ ಮಾತುಗಳಲ್ಲ. ನ್ಯಾಯವನ್ನು ಬಯಸುವ ಎಲ್ಲ ಸಮಾಜಗಳೂ ಇವನ್ನು ಬೇರೆ ಬೇರೆ ಭಾಷೆಯಲ್ಲಿ ಹೇಳಿಕೊಂಡಿವೆ.

ಈಗ ದೇಶಗಳ ಕಾನೂನುಗಳೂ ಇದೇ ದಾರಿಗೆ ಬರುತ್ತಿವೆ. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರುವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದ್ದು, ಬಳಕೆದಾರನ ಮೇಲೆ ಕ್ರಮ ಕೈಗೊಂಡರೆ ಕಾರಣ ತಿಳಿಸಬೇಕೆಂದು ಹೇಳುತ್ತದೆ. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಜಾಲತಾಣ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿದ್ದನ್ನು 24 ಗಂಟೆಗಳೊಳಗೆ ತಿಳಿಸಿ, ನಿಗದಿತ ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಮಿತಿಗೆ ಹೋಗಲು 2022ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಮೊಬೈಲಿನಲ್ಲಿ ಆಡುವ ನಮ್ಮ ಹುಡುಗರಲ್ಲಿ ಎಷ್ಟು ಜನರಿಗೆ ಇದು ತಿಳಿದಿದೆ?

ಅವರ ಹೆತ್ತವರಾದ ನಮಗೂ ಇಲ್ಲಿ ಕಲಿಯುವುದಿದೆ. ಆಟದಲ್ಲಿ ಯಾರೋ ಕೀಳಾಗಿ ಬೈದರೆಂದು ಮಗಳು ಮುಖ ಸಣ್ಣದು ಮಾಡಿಕೊಂಡಾಗ, ಮಾಡದ ಮೋಸಕ್ಕೆ ಖಾತೆ ಮುಚ್ಚಿದರೆಂದು ಮಗ ಅತ್ತಾಗ, 'ಆಟ ತಾನೇ, ಮೊಬೈಲು ಆಚೆ ಇಡು' ಎನ್ನುತ್ತೇವೆ. 1993ರಲ್ಲಿ ಲೆಗ್ಬಾಗೆ 'ಬರೀ ಅಕ್ಷರಗಳಲ್ಲವೇ' ಎಂದವರ ಮಾತೂ ಇದೇ. ಆಟದ ಸಮಯಕ್ಕೆ ಮಿತಿ ಹಾಕುವುದು ಬೇರೆ, ಆಟದಲ್ಲಾದ ಅನ್ಯಾಯವನ್ನು ಅನ್ಯಾಯವಲ್ಲ ಎನ್ನುವುದು ಬೇರೆ. ಅದೇ ಹುಡುಗ ಗೆಳೆಯರ ಜೊತೆ ಸೇರಿ ಯಾರದೋ ಮೇಲೆ ಸುಳ್ಳು ದೂರು ಒತ್ತಿ ನಕ್ಕಾಗ ಕೂಡ, ಅದು ಸುಳ್ಳು ಸಾಕ್ಷಿ ಎಂದು ಹೇಳಿಕೊಡಬೇಕಾದವರು ನಾವೇ.

ನಾಳೆ ಈ ಮಕ್ಕಳೇ ಊರಿನ, ಜಮಾಅತ್ತಿನ, ಕಚೇರಿಯ ಪಂಚಾಯತಿಗಳಲ್ಲಿ ಕೂರುವವರು. ಒಬ್ಬನನ್ನು ಹೊರಗಿಡುವ ಮುಂಚೆ ಅವನ ಮಾತನ್ನೂ ಕೇಳಬೇಕೆಂಬ ಅಭ್ಯಾಸ ಅವರಿಗೆ ಆಟದಲ್ಲೇ ಆಗಲಿ.